ಕಮಾನಿಲ್ಲದ ಕಲ್ಲುಸೇತುವೆ



ಮಹದೇವಪುರದ ನನ್ನ ಮನೆಯಿಂದ ತುಸು ದೂರ ನಡೆದರೆ ಮೆಟ್ರೋ ರೈಲಿನ ಮೇಲ್ಸೇತುವೆ ಕಾಣುತ್ತದೆ. ನೆಲದಿಂದೆದ್ದ ಕಂಬ, ಕಂಬದ ನೆತ್ತಿಯಲ್ಲಿ ಎರಡೂ ಬದಿಗೆ ಚಾಚಿದ ತಲೆ, ಅದರ ಮೇಲೆ ತೊಲೆ. ಅದನ್ನು ಕಂಡಾಗಲೆಲ್ಲ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ನೆನಪಾಗುತ್ತದೆ. ಜೊತೆಗೆ ನಾನು ಮಾಡಿದ ಒಂದು ತಪ್ಪೂ ನೆನಪಾಗುತ್ತದೆ.

ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗ, ಇದು ಇಂಗ್ಲಿಷರು ನಮಗಿತ್ತ ಸೇತುವೆ ಎಂದು ಹೇಳುತ್ತಿದ್ದೆ. ಹೆಸರೇ ಹಾಗಿತ್ತಲ್ಲ! ಒಮ್ಮೆ ದಡದಲ್ಲಿ ಕುಳಿತಿದ್ದ ಮುದುಕರೊಬ್ಬರು, ಕಲ್ಲುಕೆಲಸದವರಂತೆ, ನನ್ನ ಪಾಠವನ್ನು ಕೇಳಿಸಿಕೊಂಡು, "ಸ್ವಾಮೀ, ಮೇಲೆ ನಿಂತು ಹೆಸರು ಹೇಳಿದರೇನು ಬಂತು? ಕೆಳಗಿಳಿದು ನೋಡಿ" ಎಂದರು. ಇಳಿದು ನೋಡಿದೆ. ಕಮಾನು ಒಂದೂ ಇಲ್ಲ. ಸಾಲುಸಾಲಾಗಿ ಕಲ್ಲುಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲುತೊಲೆ. ನಮ್ಮ ದೇವಾಲಯದ ಮಂಟಪವೇ ಕಾವೇರಿಗೆ ಅಡ್ಡಲಾಗಿ ಸಾಗಿದಂತಿತ್ತು.

1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರಿನ ಸಿಂಹಾಸನ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದಿತು. ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರದಾಯಿತು. ಹೈದರ್, ಟಿಪ್ಪು ಇಬ್ಬರಲ್ಲಿಯೂ ಅಧಿಕಾರಿಯಾಗಿದ್ದವರು ಅವರು. 1804ರ ಈ ಸೇತುವೆಯನ್ನು ಕಟ್ಟಿಸಿದ್ದು ಮೈಸೂರು ಸರ್ಕಾರ, ಮೇಲ್ವಿಚಾರಣೆ ಪೂರ್ಣಯ್ಯನವರದು. ಹೆಸರು ಮಾತ್ರ ಅಂದಿನ ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯದು. ಸೋತ ನಾಡು ಗೆದ್ದವನಿಗೆ ಸಲ್ಲಿಸಿದ ಮರ್ಯಾದೆ ಅದು.

ಕಮಾನಿನಲ್ಲಿ ಕಲ್ಲು ಕಲ್ಲನ್ನು ಒತ್ತಿ ಹಿಡಿಯುತ್ತದೆ. ಒತ್ತಡವನ್ನು ತಾಳುವುದು ಕಲ್ಲಿನ ಗುಣ. ತೊಲೆಯಾದರೋ ಭಾರಕ್ಕೆ ಬಾಗಲೆಳಸುತ್ತದೆ, ಅದರ ಅಡಿಭಾಗ ಎಳೆತಕ್ಕೆ ಸಿಕ್ಕುತ್ತದೆ. ಎಳೆತಕ್ಕೆ ಕಲ್ಲು ಬಿರಿಯುತ್ತದೆ. ಆದುದರಿಂದ ಕಂಬಗಳು ಒತ್ತೊತ್ತಾಗಿರಬೇಕು, ಬೋದಿಗೆ ಚಾಚಿ ನಡುವಣ ಅಂತರವನ್ನು ತಗ್ಗಿಸಬೇಕು. ಗುಡಿ ಕಟ್ಟಿದ ಕೈಗಳಿಗೆ ಇದು ತಲೆತಲಾಂತರದಿಂದ ತಿಳಿದಿತ್ತು. ಇಂದು ಕಾಂಕ್ರೀಟಿನೊಳಗಿನ ಉಕ್ಕು ಆ ಎಳೆತವನ್ನು ಹೊರುತ್ತದೆ. ಮೆಟ್ರೋ ಕಂಬಗಳು ದೂರದೂರ ನಿಲ್ಲಬಲ್ಲವು. ಕಂಬ, ಬೋದಿಗೆ, ತೊಲೆ ಎಂಬ ಕ್ರಮ ಮಾತ್ರ ಬದಲಾಗಿಲ್ಲ.

ಕಲ್ಲೂ ಶಾಶ್ವತವಲ್ಲ. 2018ರ ಪ್ರವಾಹದಲ್ಲಿ ಶಿವನಸಮುದ್ರದ ಹಳೆಯ ಕಲ್ಲುಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಉಳಿದವನ್ನು ಕಾಪಾಡಬೇಕಾದರೆ ಅವು ಯಾರ ವಿದ್ಯೆ ಎಂಬುದನ್ನು ಮೊದಲು ಅರಿಯಬೇಕು.

ಅಂದು ನನ್ನ ಪಾಠ ಕೇಳಿದವರು ಈಗ ಎಲ್ಲೆಲ್ಲಿರುವರೋ ತಿಳಿಯದು. ಅವರಲ್ಲೊಬ್ಬರಾದರೂ ಈಗ ಕೇಳುತ್ತಿದ್ದರೆ, ನನ್ನ ಆ ಮಾತನ್ನು ದಯವಿಟ್ಟು ತಿದ್ದಿಕೊಳ್ಳಲಿ. ಮುಂದೆ ತಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಸೇತುವೆಯ ಮೇಲೆಯೇ ನಿಲ್ಲದೆ, ನೀರು ಇಳಿದಿರುವಾಗ ಕೆಳಗೂ ಇಳಿದು ನೋಡಲಿ.