ರಾಯಚೂರಿನ ಕದನ: ಗೆಲುವೂ ಅದರ ಪಾಠವೂ

(ಮುದಗಲ್ಲಿನಲ್ಲಿ ಮಾಡಿದ ಭಾಷಣ)



ಕೃಷ್ಣಾ-ತುಂಗಭದ್ರೆಗಳ ನಡುವಣ ಈ ಫಲವತ್ತಾದ ನೆಲಕ್ಕಾಗಿ ವಿಜಯನಗರದ ಅರಸರೂ ಬಹಮನಿ ಸುಲ್ತಾನರೂ, ತರುವಾಯ ವಿಜಾಪುರದ ಆದಿಲಶಾಹಿಗಳೂ ತಲೆಮಾರುಗಳ ಕಾಲ ಹೋರಾಡಿದರು. ಆ ಕದನಗಳಲ್ಲಿ 1520ನೆಯ ಇಸವಿಯ ಮೇ 19ರಂದು ರಾಯಚೂರಿನ ಬಳಿ ನಡೆದುದು ಪ್ರಖ್ಯಾತವಾದುದು. ಅದನ್ನು ಗೆದ್ದ ಬಗೆ ಯಾವುದು, ಗೆದ್ದುದು ಏಕೆ ಉಳಿಯಲಿಲ್ಲ ಎಂಬೆರಡನ್ನೇ ಇಂದು ವಿಚಾರಿಸೋಣ.

ಕೃಷ್ಣದೇವರಾಯನು ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನು. ಅದನ್ನು ಬಿಡಿಸಲು ಇಸ್ಮಾಯಿಲ್ ಆದಿಲಶಹನು ಕೃಷ್ಣೆಯನ್ನು ದಾಟಿ ಬಂದನು. ಆತನ ನೆಚ್ಚಿಕೆಯೆಲ್ಲ ತೋಪುಗಳ ಮೇಲೆ. ಪೋರ್ಚುಗೀಸ ಲೇಖಕ ನೂನಿಜನು ಹೇಳುವಂತೆ, ರಾಯನ ಮುಂಚೂಣಿಯು ಸಮೀಪಿಸಿದೊಡನೆ ಆ ತೋಪುಗಳೆಲ್ಲ ಒಮ್ಮೆಲೇ ಗರ್ಜಿಸಿದವು. ಚೂಣಿಯು ಮುರಿದು ಹಿಂದೋಡಿತು. ಗೆದ್ದೆವೆಂದು ಬಗೆದ ಆದಿಲಶಾಹಿ ಪಡೆಯು ತನ್ನ ನೆಲೆಯನ್ನು ಬಿಟ್ಟು ಬೆನ್ನಟ್ಟಿತು.

ಕದನವು ತಿರುಗಿದುದು ಇಲ್ಲಿಯೇ. ಬೆನ್ನಟ್ಟಿದವರ ಸಾಲು ಕದಡಿತು. ತಮ್ಮವರೇ ಮುಂದಿರಲು ತೋಪುಗಳು ಮೂಕವಾದವು. ರಾಯನ ಎರಡನೆಯ ಪಂಕ್ತಿಯಾದರೋ ಇನ್ನೂ ಮುರಿದಿರಲಿಲ್ಲ. ರಾಯನು ತನ್ನ ಉಂಗುರವನ್ನು ಕಳಚಿ, ತಾನು ಮಡಿದರೆ ರಾಣಿಯರಿಗೆ ಗುರುತಾಗಿ ತೋರಿಸೆಂದು ಸೇವಕನ ಕೈಗಿತ್ತು, ಕುದುರೆಯೇರಿ ಆ ಪಂಕ್ತಿಯೊಡನೆ ಮುನ್ನುಗ್ಗಿದನು. ಶತ್ರುವಿಗೆ ಹಿಂದೆ ನದಿ, ಮುಂದೆ ರಾಯನ ದಂಡು. ಅನೇಕರು ಹೊಳೆಯ ಪಾಲಾದರು. ಶಹನು ದಾಟಿ ತಪ್ಪಿಸಿಕೊಂಡನು. ನಿರಪರಾಧಿಗಳು ಸಾಯುತ್ತಿರುವರೆಂದು ರಾಯನು ಕೊಲೆಯನ್ನು ನಿಲ್ಲಿಸಿದನೆಂದೂ, 400 ದೊಡ್ಡ ತೋಪುಗಳು ಆತನ ವಶವಾದವೆಂದೂ ನೂನಿಜನ ಲೆಕ್ಕ.

ಅನಂತರ ಕೋಟೆಯ ಸರದಿ. ಕುದುರೆ ಮಾರಲು ಬಂದಿದ್ದ ಪೋರ್ಚುಗೀಸ ಕ್ರಿಸ್ತೊವಾಂವ್ ದ ಫಿಗೇರೆದೊ ಎಂಬವನೂ ಅವನ ಸುಮಾರು ಇಪ್ಪತ್ತು ಜನ ಸಂಗಡಿಗರೂ ಗೋಡೆಯ ಮೇಲೆ ತಲೆಯೆತ್ತಿದವರನ್ನು ಕೋವಿಯಿಂದ ಹೊಡೆದರು. ಆ ಮರೆಯಲ್ಲಿ ರಾಯನ ಆಳುಗಳು ಗೋಡೆಯ ಕಲ್ಲುಗಳನ್ನು ಕಿತ್ತರು. ಕೋಟೆಯ ಅಧಿಪತಿಯು ಹಣೆಗೆ ಗುಂಡು ತಗುಲಿ ಮಡಿಯಲು, ರಾಯಚೂರು ಶರಣಾಯಿತು.

ಮಹಾಶಯರೇ, ತಾಳ್ಮೆಯಿಂದ ಗೆದ್ದ ಈ ವಿಜಯವನ್ನು ದರ್ಪವು ಕೆಡಿಸಿತು. ಸಂಧಿ ಬೇಡಿ ಬಂದ ರಾಯಭಾರಿಗೆ, ಶಹನು ಬಂದು ನಮ್ಮ ಪಾದವನ್ನು ಚುಂಬಿಸಲಿ ಎಂದು ರಾಯನು ಹೇಳಿ ಕಳುಹಿಸಿದನು. ಅದಕ್ಕಾಗಿಯೇ ಇದೇ ಮುದಗಲ್ಲಿನವರೆಗೂ ಬಂದನು. ಶಹನು ಬರಲಿಲ್ಲ. ಸೋಲನ್ನು ಮರೆಯಬಹುದು, ಅವಮಾನವನ್ನು ಮರೆಯುವುದು ಕಷ್ಟ. ರಾಯನು 1529ರಲ್ಲಿ ತೀರಿಕೊಳ್ಳಲು, ಮರುವರ್ಷವೇ ರಾಯಚೂರು, ಮುದಗಲ್ಲುಗಳೆರಡೂ ಇಸ್ಮಾಯಿಲನ ಕೈ ಸೇರಿದವು. 1565ರಲ್ಲಿಯೋ ಪರಸ್ಪರ ಕಾದಾಡುತ್ತಿದ್ದ ಸುಲ್ತಾನರು ಒಂದಾಗಿ, ಕೃಷ್ಣೆಯ ಬಳಿಯಲ್ಲೇ ವಿಜಯನಗರದ ಬಲವನ್ನು ಮುರಿದರು.

ಉಪಾಧ್ಯಾಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಇದನ್ನು ಎರಡು ಮತಗಳ ಕಾಳಗವೆಂದು ಮಕ್ಕಳಿಗೆ ಕಲಿಸಬೇಡಿರಿ. ರಾಯನ ದಂಡಿನಲ್ಲಿ ಮುಸಲ್ಮಾನ ಯೋಧರೂ ಇದ್ದರು. ಚೂಣಿ ಮುರಿದರೂ ಕದಲದೆ ನಿಂತ ಎರಡನೆಯ ಪಂಕ್ತಿಯ ಕಥೆಯನ್ನು ಹೇಳಿರಿ. ಗೆದ್ದ ಮರುದಿನ ಆಡಬಾರದ ಮಾತಿನ ಕಥೆಯನ್ನೂ ಹೇಳಿರಿ. ಮೊದಲನೆಯದನ್ನು ಮಾತ್ರ ಕಲಿಸಿದರೆ ಅರ್ಧ ಚರಿತ್ರೆಯನ್ನು ಕಲಿಸಿದಂತಾದೀತು.