ಮನೆಯ ಪೆಟ್ಟಿಗೆಯಲ್ಲಿ ಕನ್ನಡದ ಕಡತ

(ಆರ್.ಟಿ. ನಗರದ ಗೆಳೆಯರ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. "ಆ ಡಬ್ಬದ ವಿಷಯ ಹೇಳಿ" ಅಂತ ಮೈಕು ಕೈಗೆ ಕೊಟ್ಟಿದ್ದಾರೆ, ಹೇಳುತ್ತೇನೆ. ಇದನ್ನು ಅಚ್ಚಿನಲ್ಲಿ ಓದುವ ನೀವೂ ಎದುರಿಗೇ ಕೂತಿದ್ದೀರಿ ಎಂದು ತಿಳಿದು ಹೇಳುತ್ತೇನೆ.

ಯಾವ ಡಬ್ಬ? ಎರಡೋ ನಾಲ್ಕೋ ಹಾರ್ಡ್‌ಡಿಸ್ಕ್ ಹಾಕಿ, ರೂಟರಿನಿಂದ ಒಂದು ವೈರು ಎಳೆದು, ಮನೆಯ ಎಲ್ಲ ಗಣಕಗಳೂ ಫೋನುಗಳೂ ಒಂದೇ ಕಡೆ ಫೈಲು ಇಡುವಂತೆ ಮಾಡುವ ಪೆಟ್ಟಿಗೆ. ಅಂಗಡಿಯವರು ನ್ಯಾಸ್ ಅನ್ನುತ್ತಾರೆ. ಸಿದ್ಧವಾಗಿಯೇ ಸಿಗುತ್ತದೆ, ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ತಾವೇ ಮಾಡಿಕೊಳ್ಳುವವರೂ ಇದ್ದಾರೆ. ಇಂಥ ಪೆಟ್ಟಿಗೆಗಳ ಒಳಗೆ ದುಡಿಯುವುದು ಬಹುತೇಕ ಸಾಂಬಾ ಎಂಬ ತಂತ್ರಾಂಶ. 1992ರ ಸುಮಾರಿಗೆ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ಇವತ್ತಿಗೂ ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ಪ್ರೆಸ್ಸಿನವನಿಗೆ ಇದು ಯಾಕೆ ಬೇಕಾಯಿತು ಅಂತ ಕೇಳುತ್ತೀರಿ. ಅಚ್ಚುಮೊಳೆಯ ಕಾಲದಲ್ಲಿ ಪುಸ್ತಕ ಮುಗಿದರೆ ಮೊಳೆ ಬಿಚ್ಚಿ ಕೇಸಿಗೆ ಹಾಕುತ್ತಿದ್ದರು, ಉಳಿಯುತ್ತಿದ್ದುದು ಕಾಗದ. ಡಿಟಿಪಿ ಬಂದ ಮೇಲೆ ಪುಟಗಳು ಫೈಲಾಗಿ ಉಳಿದವು. ಶಾಲೆಯ ಸ್ಮರಣ ಸಂಚಿಕೆ, ಊರ ಜಾತ್ರೆಯ ಇತಿಹಾಸ, ನಿವೃತ್ತ ಮೇಷ್ಟ್ರು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ 300 ಪ್ರತಿಗಳ ಕವನ ಸಂಕಲನ, ಇವುಗಳ ಮೂಲ ಎಲ್ಲಿದೆ? ಯಾವ ಗ್ರಂಥಾಲಯದಲ್ಲೂ ಇಲ್ಲದಿರಬಹುದು. ಗಲ್ಲಿ ಪ್ರೆಸ್ಸಿನ ಹಾರ್ಡ್‌ಡಿಸ್ಕಿನಲ್ಲಿದೆ. ಆ ಡಿಸ್ಕು ಕೆಟ್ಟ ದಿನ ಆ ಕನ್ನಡವೂ ಹೋಯಿತು. ನಿಮ್ಮ ಮನೆಯ ಅಲ್ಮೇರಾದಲ್ಲಿರುವ ಸಿಡಿಗಳ ಕಥೆಯೂ ಅದೇ.

ಸರಿ, ಡಬ್ಬ ತಂದಿರಿ, ಜೋಡಿಸಿದಿರಿ. ಗಣಕಕ್ಕೆ ಅದು ಕಾಣುವುದೇ ಇಲ್ಲ! ಎಲ್ಲರದೂ ಮೊದಲ ದೂರು ಇದು. ಕಾರಣ ಬಹಳ ಸಲ ಡಬ್ಬದಲ್ಲಿರುವುದಿಲ್ಲ. ಫೈಬರ್ ಹಾಕಿದವರು ಗೋಡೆಗೆ ಒಂದು ರೂಟರ್ ಬಿಟ್ಟು ಹೋಗಿರುತ್ತಾರೆ; ವೈಫೈ ಒಳಕೋಣೆಗೆ ಬರುವುದಿಲ್ಲ ಎಂದು ನೀವು ಇನ್ನೊಂದು ಕೊಂಡು ಹಾಕಿರುತ್ತೀರಿ. ಎರಡೂ ತಮ್ಮ ತಮ್ಮ ವಿಳಾಸ ಹಂಚುತ್ತಾ ಕೂತಿವೆ. ಡಬ್ಬದ ವಿಳಾಸ 192.168.1 ರಿಂದ ಶುರುವಾಗಿ, ನಿಮ್ಮ ಲ್ಯಾಪ್‌ಟಾಪಿನದು 192.168.0 ರಿಂದ ಶುರುವಾದರೆ ಅವು ಬೇರೆ ಬೇರೆ ಬೀದಿಯಲ್ಲಿವೆ ಎಂದು ತಿಳಿಯಿರಿ. ಎರಡನೆಯ ರೂಟರನ್ನು ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮಾಡಿ, ಇಬ್ಬರೂ ಒಂದೇ ಬೀದಿಗೆ ಬರುತ್ತಾರೆ. ಹಾಗೆಯೇ ಡಬ್ಬಕ್ಕೆ ಒಂದು ಖಾಯಂ ವಿಳಾಸ ರೂಟರಿನಲ್ಲಿ ಬರೆದಿಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ವಿಳಾಸ ಬದಲಾದರೆ ಮನೆಯವರು ಡಬ್ಬಕ್ಕೂ ಬೈಯುತ್ತಾರೆ, ತಂದವನಿಗೂ ಬೈಯುತ್ತಾರೆ.

ಇನ್ನೊಂದಿದೆ. ನಿನ್ನೆಯವರೆಗೆ ತೆರೆಯುತ್ತಿದ್ದ ಫೋಲ್ಡರು ವಿಂಡೋಸ್ ಅಪ್‌ಡೇಟ್ ಆದ ಮೇಲೆ ತೆರೆಯುವುದಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ, ಹೆಸರು ಗುಪ್ತಪದ ಕೇಳದೆ ಅತಿಥಿಯನ್ನು ಬಿಟ್ಟುಕೊಳ್ಳುವ ಡಬ್ಬಗಳ ಜತೆ ಮಾತಾಡುವುದನ್ನು ನಿಲ್ಲಿಸಿತು. ಇಂಟರ್‌ನೆಟ್ಟಿನಲ್ಲಿ ಸಿಗುವ ಅಡ್ಡದಾರಿ ಹಿಡಿದು ವಿಂಡೋಸಿನ ಬಾಗಿಲು ಸಡಿಲ ಮಾಡಬೇಡಿ. ಮನೆಯ ಪ್ರತಿಯೊಬ್ಬರಿಗೂ ಡಬ್ಬದಲ್ಲಿ ಒಂದೊಂದು ಹೆಸರು, ಗುಪ್ತಪದ ಮಾಡಿಕೊಡಿ. ಹತ್ತು ನಿಮಿಷದ ಕೆಲಸ.

ಈಗ ವೇಗದ ವಿಷಯ. "ಸಾರ್, ತುಂಬಾ ಸ್ಲೋ" ಎಂದರೆ ನನಗೆ ಏನೂ ತಿಳಿಯುವುದಿಲ್ಲ. ಅಂಕಿ ಹೇಳಿ. ಒಂದು ದೊಡ್ಡ ಫೈಲು, ಮದುವೆಯ ವಿಡಿಯೋ ಆಗಬಹುದು, ವೈರಿನಲ್ಲಿ ಜೋಡಿಸಿದ ಗಣಕದಿಂದ ಕಾಪಿ ಮಾಡಿ. ಸೆಕೆಂಡಿಗೆ 110 ಮೆಗಾಬೈಟ್ ಆಸುಪಾಸು ಬಂದರೆ ಗಿಗಾಬಿಟ್ ವೈರು ಕೊಡಬಹುದಾದದ್ದನ್ನೆಲ್ಲ ಕೊಡುತ್ತಿದೆ. ಲೆಕ್ಕದ ಮೇಲಿನ ಮಿತಿಯೇ 125. ಆದರೆ 11ರಲ್ಲಿ ನಿಂತುಬಿಟ್ಟರೆ? ಆ 11 ಎಂಬ ಅಂಕಿ ಕಂಡರೆ ಡಬ್ಬವನ್ನು ಬಿಚ್ಚಲೇಬೇಡಿ. ನೆಟ್‌ವರ್ಕ್ ವೈರಿನ ಒಳಗೆ ಎಂಟು ತಂತಿ. ಹಳೆಯ 100 ಮೆಗಾಬಿಟ್ ವೇಗಕ್ಕೆ ನಾಲ್ಕೇ ತಂತಿ ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತುಂಡಾಗಿದ್ದರೂ, ತುದಿಯ ಪ್ಲಗ್ಗಿನಲ್ಲಿ ಸರಿಯಾಗಿ ಕಚ್ಚಿಕೊಳ್ಳದಿದ್ದರೂ ಎರಡು ಕಡೆಯ ಯಂತ್ರಗಳು ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ದೀಪ ಉರಿಯುತ್ತದೆ, ಫೈಲು ತೆರೆಯುತ್ತದೆ, ವೇಗ ಮಾತ್ರ ಹತ್ತರಲ್ಲೊಂದು ಪಾಲು. ಗಂಗಾನಗರದ ಗ್ರಾಹಕರೊಬ್ಬರು ಹೊಸ ಡಬ್ಬ ಕೊಳ್ಳಲು ಹೊರಟಿದ್ದರು. ಬಾಗಿಲಿನ ಸಂದಿಯಲ್ಲಿ ನಜ್ಜುಗುಜ್ಜಾಗಿದ್ದ ವೈರು ಬದಲಿಸಿದ್ದಕ್ಕೆ ಕೆಲಸ ಮುಗಿಯಿತು.

ವೈರು ಕೊಳ್ಳುವಾಗ ಎಚ್ಚರ! ಎಸ್.ಪಿ. ರೋಡಿಗೆ ಹೋದರೆ ಅಗ್ಗದ್ದೂ ಸಿಗುತ್ತದೆ, ಒಳ್ಳೆಯದೂ ಸಿಗುತ್ತದೆ. ಅಗ್ಗದ್ದರಲ್ಲಿ ಅಲ್ಯೂಮಿನಿಯಂ ತಂತಿಗೆ ತಾಮ್ರದ ತೆಳು ಪದರ ಹೊದಿಸಿರುತ್ತಾರೆ. ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸು ಕೊಡಿ. ಅಪ್ಪಟ ತಾಮ್ರದ ಕ್ಯಾಟ್-5ಇ ವೈರು 100 ಮೀಟರ್ ದೂರದವರೆಗೆ ಗಿಗಾಬಿಟ್ ಒಯ್ಯುತ್ತದೆ, 30-40ರ ಸೈಟಿನ ಮನೆಗೆ ಅದಕ್ಕಿಂತ ದುಬಾರಿಯದು ಬೇಡ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನೆಟ್‌ವರ್ಕಿಗೆ ಅಂತ ಪೈಪು ಇರುವುದು ಕಡಿಮೆ. ಎಲೆಕ್ಟ್ರಿಷಿಯನ್ ಸುಲಭ ಅಂತ ಕರೆಂಟಿನ ಪೈಪಿನಲ್ಲೇ ತೂರಿಸುತ್ತಾನೆ. ಒಪ್ಪಬೇಡಿ. ವೇಗ ಕೆಡುವುದು ಹಾಗಿರಲಿ, ಅಪಾಯ.

ವೈಫೈನಲ್ಲಿ ಅಳೆದು ಡಬ್ಬವನ್ನು ದೂರಬೇಡಿ. 2.4 ಗಿಗಾಹರ್ಟ್ಸ್ ವೈಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ಗೋಡೆಗೆ ಗೋಡೆ ತಾಗಿದ ನಮ್ಮ ಬೀದಿಯಲ್ಲಿ ಫೋನು ತೆಗೆದರೆ ಅಕ್ಕಪಕ್ಕದ ಇಪ್ಪತ್ತು ಹೆಸರು ಕಾಣುತ್ತವೆ. ಅಷ್ಟೂ ಜನ ಆ ಮೂರರಲ್ಲೇ ನುಗ್ಗಬೇಕು. 5 ಗಿಗಾಹರ್ಟ್ಸಿಗೆ ಹೋಗಿ. ಪುಟ ಕಟ್ಟುವ ಗಣಕಕ್ಕಂತೂ ವೈರೇ ಇರಲಿ.

ತಪ್ಪು ವೈರಿನದೋ ಡಿಸ್ಕಿನದೋ ತಿಳಿಯದಿದ್ದರೆ ಐಪರ್ಫ್3 ಎಂಬ ಉಚಿತ ತಂತ್ರಾಂಶವನ್ನು ಎರಡೂ ಕಡೆ ಓಡಿಸಿ. ಅದು ಡಿಸ್ಕನ್ನು ಮುಟ್ಟದೆ ಬರೀ ದಾರಿಯನ್ನು ಅಳೆಯುತ್ತದೆ. 940 ಮೆಗಾಬಿಟ್ ತೋರಿಸಿ ಕಾಪಿ ಮಾತ್ರ ಕುಂಟಿದರೆ, ಡಿಸ್ಕಿನ ಕಡೆ ನೋಡಿ. 2020ರ ಏಪ್ರಿಲ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಇಂಥ ಡಬ್ಬಗಳಿಗೆಂದೇ ಮಾರುತ್ತಿದ್ದ ತನ್ನ ರೆಡ್ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಬಗೆಯವು ಎಂದು ಒಪ್ಪಿಕೊಳ್ಳಬೇಕಾಯಿತು. ಅಂದರೆ ಹೆಂಚು ಹೊದಿಸಿದಂತೆ ಒಂದು ಗೆರೆಯ ಮೇಲೆ ಇನ್ನೊಂದು ಗೆರೆ ಬರೆಯುವ ಬಗೆ. ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಕೊಳ್ಳುವಾಗ ಸಿಎಂಆರ್ ಬೇಕು ಎಂದು ಬಾಯಿಬಿಟ್ಟು ಕೇಳಿ. ಇನ್ನು, ಸಾವಿರಾರು ಚಿಕ್ಕ ಫೋಟೋಗಳ ಫೋಲ್ಡರು ನಿಧಾನ ಅಂದರೆ ಅದು ರೋಗವಲ್ಲ. ಪ್ರತಿ ಫೈಲಿಗೂ ತೆರೆ, ಬರೆ, ಮುಚ್ಚು ಎಂಬ ಮಾತುಕತೆ ಆಗಬೇಕಲ್ಲ.

ಈಗ ನಮ್ಮ ಸ್ವಂತದ ಸಮಸ್ಯೆ. ಇದನ್ನು ಡಬ್ಬದ ಪುಸ್ತಕದಲ್ಲಿ ನಿಮಗೆ ವಿವರಿಸಿ ಹೇಳುವುದಿಲ್ಲ. ಫೈಲಿಗೆ ಕನ್ನಡದಲ್ಲೇ ಹೆಸರಿಡಿ ಅನ್ನುವವನು ನಾನು. ಇಟ್ಟಿರಿ, ವಿಂಡೋಸಿನಲ್ಲಿ ಚೆನ್ನಾಗಿದ್ದ ಹೆಸರು ಡಬ್ಬಕ್ಕೆ ಕಾಪಿ ಆಗುವಾಗ ತಪ್ಪಾಯಿತು ಅನ್ನುತ್ತದೆ. ಯಾಕೆ? ಲಿನಕ್ಸ್ ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಜಾಗ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು. ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಲೆಕ್ಕ ಬೇರೆ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ. ಡಬ್ಬಕ್ಕೆ ಆರು ಚಿಹ್ನೆ, 18 ಬೈಟ್. "ವಾರ್ಷಿಕ ಸ್ಮರಣ ಸಂಚಿಕೆ" ಎನ್ನುವುದಕ್ಕೇ 56 ಬೈಟ್ ಖರ್ಚು. ಒಟ್ಟಿನಲ್ಲಿ 85 ಚಿಹ್ನೆ ದಾಟುವಂತಿಲ್ಲ. ಸಿನಾಲಜಿ ಡಬ್ಬಗಳಲ್ಲಿ ಫೋಲ್ಡರಿಗೆ ಗೂಢಲಿಪಿಯ ಬೀಗ ಹಾಕಿದರೆ ಮಿತಿ 143 ಬೈಟಿಗೆ ಇಳಿಯುತ್ತದೆ, ಕನ್ನಡಕ್ಕೆ ಸಿಗುವುದು 47. ಹಾಗಾದರೆ ಇಂಗ್ಲಿಷಿಗೆ ಹೋಗೋಣವೇ? ಬೇಡ ಸ್ವಾಮಿ. ಹೆಸರು ಚಿಕ್ಕದಿರಲಿ: ವರ್ಷ, ಲೇಖಕ, ಕೃತಿ, ಸಾಕು. ಉಳಿದದ್ದನ್ನು ಫೋಲ್ಡರಿನ ಒಳಗೆ ಒಂದು ಪುಟದಲ್ಲಿ ಬರೆದಿಡಿ.

ಮ್ಯಾಕ್ ಇಟ್ಟುಕೊಂಡವರಿಗೆ ಇನ್ನೊಂದು ತಲೆನೋವು. "ಕೋಲಾರ"ದ ಕೋ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಡಿಸ್ಕುಗಳು ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದವು. ಅಲ್ಲಿಂದ ಆರ್‌ಸಿಂಕ್‌ನಲ್ಲಿ ನೇರವಾಗಿ ತಂದ ಫೈಲು ಪರದೆಯ ಮೇಲೆ ಕೋಲಾರವೇ. ಹುಡುಕಿದರೆ ಸಿಗದೆ ಇರಬಹುದು, ಒಂದೇ ಹೆಸರಿನ ಎರಡು ಫೈಲು ಪಕ್ಕಪಕ್ಕ ಕೂತಿರಲೂಬಹುದು. ಹೆಸರಿನ ರೂಪ ಬದಲಿಸಿಕೊಂಡು ತರುವ ಆಯ್ಕೆ ಆರ್‌ಸಿಂಕ್‌ನಲ್ಲೇ ಇದೆ, ಐಕಾನ್ವ್ ಎಂಬ ಹೆಸರಿನಲ್ಲಿ.

ಪ್ರೆಸ್ಸಿನ ಗೆಳೆಯರಿಗೆ ಒಂದು ಮಾತು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅದಕ್ಕೂ ಹಳೆಯ ಕನ್ನಡ ಫಾಂಟುಗಳಿಗೂ ಅಂತ ಒಂದು ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಮೂಲೆಯಲ್ಲಿ ಸಾಕಿಕೊಂಡಿರುವವರು ಇನ್ನೂ ಇದ್ದಾರೆ. ಅದು ಹೊಸ ಡಬ್ಬದ ಜತೆ ಮಾತಾಡುವುದಿಲ್ಲ. ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿ ಮಾತ್ರ, ಡಬ್ಬ ಅದನ್ನು ಮುಚ್ಚಿಟ್ಟಿರುತ್ತದೆ. ತೆರೆದುಬಿಡಿ ಅಂತ ಯಾರಾದರೂ ಹೇಳಿಯಾರು, ಕೇಳಬೇಡಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಜಗತ್ತಿನಾದ್ಯಂತ ಗಣಕಗಳಿಗೆ ಬೀಗ ಜಡಿದು ಹಣ ಕೇಳಿದ್ದು ವಿಂಡೋಸಿನ ಇದೇ ಹಳೆಯ ಬಾಗಿಲಿನ ತೂತಿನಿಂದ. ಎಕ್ಸ್‌ಪಿ ಯಂತ್ರಕ್ಕೆ ನೆಟ್‌ವರ್ಕ್ ವೈರೇ ಬೇಡ. ಒಂದು ಪೆನ್‌ಡ್ರೈವನ್ನು ಅದಕ್ಕೆಂದೇ ಇಡಿ. ಡಬ್ಬವನ್ನು ಹೊರಗಿನಿಂದ ನೋಡುವ ಆಸೆಗೆ ರೂಟರಿನಲ್ಲಿ ಕಿಂಡಿ ಕೊರೆಯುವುದೂ ಅಷ್ಟೇ ಕೆಟ್ಟದ್ದು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ ಇಂಟರ್‌ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಡಬ್ಬಗಳನ್ನೇ ಹುಡುಕಿ ಹುಡುಕಿ ಹೊಡೆಯಿತು. ಹೊರಗಿನಿಂದ ಬೇಕೇ ಬೇಕೆಂದರೆ ವೈರ್‌ಗಾರ್ಡ್‌ನಂಥ ವಿಪಿಎನ್ ಬಳಸಿ.

ಎರಡು ಡಿಸ್ಕಿನ ರೇಡ್ ಇದೆ, ನನಗೇನು ಭಯ ಎಂದು ಕೂರಬೇಡಿ. 1987ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಆ ಹೆಸರಿಟ್ಟದ್ದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಿರಲಿ ಎಂದು. ಮಗ ಆಟವಾಡುತ್ತಾ ಅಳಿಸಿದ ಫೋಲ್ಡರು ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಯುತ್ತದೆ. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇರಲಿ. ಒಂದು ಯುಪಿಎಸ್ ಇಟ್ಟು ಅದರ ಯುಎಸ್‌ಬಿ ವೈರನ್ನು ಡಬ್ಬಕ್ಕೆ ಚುಚ್ಚಿ. ಕರೆಂಟ್ ಹೋಗಿ ಬ್ಯಾಟರಿ ಇಳಿದಾಗ ಡಬ್ಬ ತಾನೇ ಮರ್ಯಾದೆಯಿಂದ ಮಲಗುತ್ತದೆ.

ಕೊನೆಗೆ ಫಾಂಟು. ಯೂನಿಕೋಡಿಗೆ ಮುಂಚಿನ ಕನ್ನಡ ಫೈಲನ್ನು ಎಷ್ಟು ಜೋಪಾನವಾಗಿ ಇಟ್ಟರೂ, ಬರೆದ ಫಾಂಟು ಇಲ್ಲದಿದ್ದರೆ ತೆರೆದಾಗ ಕಾಣುವುದು ರೋಮನ್ ಅಕ್ಷರಗಳ ಗೊಜ್ಜು. ಪ್ರತಿ ಪುಸ್ತಕದ ಫೋಲ್ಡರಿನಲ್ಲಿ ಮೂರು ವಸ್ತು ಇಡಿ: ಮೂಲ ಫೈಲು, ಅದರ ಫಾಂಟು, ಫಾಂಟು ಅಡಕವಾದ ಪಿಡಿಎಫ್. ಸಮಯವಿದ್ದರೆ ಯೂನಿಕೋಡಿಗೆ ಪರಿವರ್ತಿಸಿದ ಪಠ್ಯವನ್ನೂ ಇಡಿ, ಆದರೆ ಒತ್ತಕ್ಷರ, ಅರ್ಕಾವತ್ತು ಕೆಟ್ಟಿರುತ್ತವೆ, ಪ್ರೂಫು ನೋಡಲೇಬೇಕು. ನಮ್ಮ ಪ್ರೆಸ್ಸಿನಲ್ಲಿ ತಿಂಗಳಿಗೊಮ್ಮೆ ಡಬ್ಬದಿಂದ ಯಾವುದಾದರೂ ಒಂದು ಹಳೆಯ ಕೆಲಸ ಎತ್ತಿ, ಆ ಫಾಂಟು ಇಲ್ಲದ ಗಣಕದಲ್ಲಿ ಅದರ ಪಿಡಿಎಫ್ ತೆರೆದು ನೋಡುತ್ತೇವೆ. ಓದಲು ಬಂದರೆ ಮುಂದಿನದು. ಬರದಿದ್ದರೆ, ಎಕ್ಸ್‌ಪಿ ಯಂತ್ರ ಇನ್ನೂ ಜೀವಂತ ಇರುವಾಗಲೇ ಅದನ್ನು ಹೊಸ ಪಿಡಿಎಫ್ ಮಾಡಿಡುತ್ತೇವೆ. ಯಾರಿಗಾದರೂ ಹಳೆಯ ಸಿಡಿ, ಫ್ಲಾಪಿಯಲ್ಲಿ ಕನ್ನಡದ ಪುಟಗಳಿದ್ದರೆ ಮಳೆಗಾಲದ ತೇವಕ್ಕೆ ಮುಂಚೆ ತನ್ನಿ. ಫ್ಲಾಪಿ ಓದುವ ಡ್ರೈವು ಒಂದು ಇನ್ನೂ ಓಡುತ್ತಿದೆ.