ಕಿರುಪ್ರತಿಮೆ, ಬೆಳಕು ಮತ್ತು ಸ್ಪರ್ಧೆಯ ಅಳತೆಗೋಲು



ಕಲ್ಪಿತ ಲೋಕದ ಯೋಧರು, ಮಾಟಗಾರರು, ರಾಕ್ಷಸರು, ಡ್ರ್ಯಾಗನ್‌ಗಳು ಮೊದಲಾದವುಗಳ ಪುಟ್ಟ ಪ್ರತಿಮೆಗಳಿಗೆ ಕುಂಚದಿಂದ ಬಣ್ಣ ಹಚ್ಚುವ ಹವ್ಯಾಸವನ್ನು ಅದರಲ್ಲಿ ತೊಡಗಿದವರು ಮಿನಿಯೇಚರ್ ಪೇಂಟಿಂಗ್ ಎನ್ನುತ್ತಾರೆ. ಮೊಘಲ್ ಮತ್ತು ರಜಪೂತ ಆಸ್ಥಾನಗಳ ಕಿರುಚಿತ್ರಗಳೊಡನೆ ಗೊಂದಲವಾಗದಿರಲೆಂದು ಈ ಭಾಷಣದಲ್ಲಿ ಈ ಪುಟ್ಟ ಪ್ರತಿಮೆಗಳನ್ನು ಕಿರುಪ್ರತಿಮೆಗಳೆಂದೇ ಕರೆಯಲಾಗಿದೆ. ಆಟದ ಮೇಜಿಗೆಂದು ತಯಾರಾಗುವ ಪ್ರತಿಮೆಗಳಲ್ಲಿ ಬಹುಪಾಲು 28ರಿಂದ 32 ಮಿಲಿಮೀಟರ್ ಅಳತೆಯವು. ಆಳೆತ್ತರದ ಮನುಷ್ಯ ಇಲ್ಲಿ ಹೆಬ್ಬೆರಳಿನ ಒಂದು ಗೆಣ್ಣಿನಷ್ಟಾಗುತ್ತಾನೆ. ಪ್ರದರ್ಶನಕ್ಕೆಂದೇ ರೂಪಿಸಿದವು 54 ಅಥವಾ 75 ಮಿಲಿಮೀಟರ್ ಇರುವುದುಂಟು.

ಈ ಹವ್ಯಾಸದ ಇಂದಿನ ರೂಪ ಆಟದಿಂದ ಹುಟ್ಟಿದ್ದು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಆಟಗಾರನೇ ಒಂದು ಪಾತ್ರವಾಗಿ ಕಥೆಯೊಳಗೆ ನಡೆಯುವ ಆಟವಾದ್ದರಿಂದ, ಆ ಪಾತ್ರಕ್ಕೊಂದು ಮೂರ್ತಿ ಬೇಕೆಂಬ ಆಸೆಯನ್ನು ಹುಟ್ಟಿಸಿತು. 1975ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ 1983ರಲ್ಲಿ ವಾರ್‌ಹ್ಯಾಮರ್ ಎಂಬ ಯುದ್ಧದ ಆಟವನ್ನು ಹೊರತಂದ ಮೇಲೆ ಒಂದು ಮೂರ್ತಿಯ ಆಸೆ ಇಡೀ ಸೈನ್ಯದ ಆಸೆಯಾಗಿ ಬೆಳೆಯಿತು. ಸಂಸ್ಥೆ ನೆಲೆಯೂರಿದ ನಾಟಿಂಗ್‌ಹ್ಯಾಮ್ ನಗರ ಈ ಉದ್ಯಮದ ಕೇಂದ್ರವಾಯಿತು. ಅದೇ ಸಂಸ್ಥೆ 1987ರಲ್ಲಿ ಗೋಲ್ಡನ್ ಡೀಮನ್ ಎಂಬ ಸ್ಪರ್ಧೆಯನ್ನು ಆರಂಭಿಸಿತು. ಅದರ ಸರ್ವೋಚ್ಚ ಬಹುಮಾನ ಸ್ಲೇಯರ್ ಸ್ವೋರ್ಡ್ ಎಂಬ ನಿಜವಾದ ಉದ್ದಳತೆಯ ಖಡ್ಗ. ಕಿರುಪ್ರತಿಮೆಗೆ ಆಳುದ್ದದ ಆಯುಧವನ್ನು ಬಹುಮಾನವಾಗಿ ಕೊಡುವುದರಲ್ಲಿ ಒಂದು ತುಂಟತನವಿದೆಯೆಂಬುದನ್ನು ಒಪ್ಪಬೇಕು.

ಹೊಸಬನಿಗೂ ಸ್ಪರ್ಧಿಗೂ ಇರುವ ಅಂತರ ಕೈಯ ಸ್ಥಿರತೆಯದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕೈ ನಡುಗುವವರು ಮಣಿಕಟ್ಟುಗಳೆರಡನ್ನೂ ಒಂದಕ್ಕೊಂದು ಆನಿಸಿ, ಮೊಣಕೈಗಳನ್ನು ಮೇಜಿಗೆ ಊರಿ ಕೆಲಸ ಮಾಡಿದರೆ ಆ ತೊಂದರೆ ಬಹುಮಟ್ಟಿಗೆ ಕಳೆಯುತ್ತದೆ. ನಿಜವಾದ ಅಂತರವಿರುವುದು ಬೆಳಕಿನ ಹೊಣೆಯನ್ನು ಯಾರು ಹೊರುತ್ತಾರೆ ಎಂಬುದರಲ್ಲಿ. ಆಳೆತ್ತರದ ಶಿಲ್ಪದಲ್ಲಿ ಉಡುಪಿನ ಮಡಿಕೆ ಬೆರಳು ತೂರುವಷ್ಟು ಆಳವಿರುವುದರಿಂದ ಕೋಣೆಯ ಬೆಳಕೇ ಅಲ್ಲಿ ನೆರಳನ್ನು ಬರೆಯುತ್ತದೆ. 28 ಮಿಲಿಮೀಟರಿನ ಪ್ರತಿಮೆಯಲ್ಲಿ ಅದೇ ಮಡಿಕೆ ಅರ್ಧ ಮಿಲಿಮೀಟರ್ ಆಳವೂ ಇರದೆ, ಸುತ್ತಲಿನಿಂದ ಚದುರಿ ಬರುವ ಬೆಳಕು ಅದನ್ನು ತುಂಬಿಬಿಡುತ್ತದೆ. ಎಲ್ಲ ಭಾಗಕ್ಕೂ ಒಪ್ಪುವ ಬಣ್ಣವನ್ನು ಅಚ್ಚುಕಟ್ಟಾಗಿ ತುಂಬಿದ ಪ್ರತಿಮೆಯೂ ಒಂದಡಿ ದೂರದಿಂದ ಚಪ್ಪಟೆಯಾಗಿ ಕಾಣುವುದು ಇದರಿಂದಲೇ. ಆದ್ದರಿಂದ ಬಿದ್ದಿರದ ನೆರಳನ್ನೂ ಬೆಳಕನ್ನೂ ವರ್ಣಕಾರನೇ ಬಣ್ಣದಲ್ಲಿ ಇಡಬೇಕಾಗುತ್ತದೆ, ಮತ್ತು ಹವ್ಯಾಸದ ತಂತ್ರಗಳೆಲ್ಲ ಈ ಒಂದು ಅಗತ್ಯದ ಸುತ್ತ ಬೆಳೆದಿವೆ.

ಹೊಸಬ ಮೊದಲು ಕಲಿಯುವ ವಾಶ್ ಎಂಬುದು ನೀರಾಗಿ ತೆಳುವಾದ ಗಾಢ ಬಣ್ಣ; ಅದನ್ನು ಬಳಿದಾಗ ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ನಿಂತು ನೆರಳಿನ ಭ್ರಮೆ ಕೊಡುತ್ತದೆ. ಡ್ರೈಬ್ರಶ್ ಇದರ ಪ್ರತಿರೂಪ: ಕುಂಚದ ಬಣ್ಣವನ್ನು ಬಹುಪಾಲು ಬಟ್ಟೆಗೆ ಒರೆಸಿ, ಉಳಿದ ಒಣ ಅಂಶವನ್ನು ಉಬ್ಬುಗಳ ಮೇಲೆ ತೀಡಿದರೆ ಅಂಚುಗಳಷ್ಟೇ ಬೆಳಗುತ್ತವೆ. ಈ ಎರಡರಲ್ಲೂ ಬೆಳಕನ್ನು ನಿರ್ಧರಿಸುವುದು ಪ್ರತಿಮೆಯ ಮೇಲ್ಮೈಯೇ ಹೊರತು ವರ್ಣಕಾರನಲ್ಲ. ಜೆನಿತಲ್ ಪ್ರೈಮಿಂಗ್‌ನಲ್ಲಿ, ಅಂದರೆ ಬಣ್ಣ ಹಿಡಿದುಕೊಳ್ಳಲು ಮೊದಲು ಬಳಿಯುವ ಅಸ್ತರನ್ನು ಸುತ್ತಲೂ ಕಪ್ಪಾಗಿಯೂ ನೆತ್ತಿಯ ಮೇಲಿನಿಂದ ಮಾತ್ರ ಬಿಳಿಯಾಗಿಯೂ ಸಿಂಪಡಿಸುವ ಕ್ರಮದಲ್ಲಿ, ಬೆಳಕಿಗೊಂದು ದಿಕ್ಕು ಮೊದಲ ಬಾರಿಗೆ ಸಿಗುತ್ತದೆ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್‌ನ ಸಿಟಡೆಲ್ ಹೆಸರಿನಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳು ಮೂಲಬಣ್ಣವನ್ನೂ ನೆರಳನ್ನೂ ಒಂದೇ ಲೇಪದಲ್ಲಿ ಕೊಡುತ್ತವೆಯೆಂದು ಕೆಲವು ಹಳಬರು ಮೂಗು ಮುರಿಯುವುದುಂಟು. ಆದರೆ ತಿಳಿ ಅಸ್ತರಿನ ಮೇಲೆ ಇಂಥ ಪಾರದರ್ಶಕ ಬಣ್ಣ ಬಿದ್ದಾಗ ಆಗುವುದನ್ನು ಗಮನಿಸಿದವನು ಗ್ಲೇಜ್‌ನ, ಎಂದರೆ ತೆಳುಪದರಗಳನ್ನು ಒಂದರ ಮೇಲೊಂದು ಹರಡುವ ವಿಧಾನದ, ಅರ್ಧ ಪಾಠವನ್ನು ಕಲಿತಂತೆಯೇ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಕ್ರಿಲಿಕ್ ಬಣ್ಣವನ್ನು ನೀರು ಬೆರೆಸಿ ಹಾಲಿನ ಹದಕ್ಕೆ ತಂದರೆ ಶಿಲ್ಪದ ವಿವರಗಳು ಮುಚ್ಚಿಹೋಗುವುದಿಲ್ಲ. ನೆನೆದ ಸ್ಪಂಜಿನ ಮೇಲೆ ಬೇಕಿಂಗ್ ಕಾಗದ ಹಾಸಿದ ವೆಟ್ ಪ್ಯಾಲೆಟ್ ಆ ಹದವನ್ನು ಗಂಟೆಗಟ್ಟಲೆ ಕಾಯುತ್ತದೆ. ಕಣ್ಣುಗುಡ್ಡೆ ಬರೆಯಲು ಅತಿ ಸಣ್ಣ ಕುಂಚವೇ ಬೇಕೆಂಬುದು ತಪ್ಪು ತಿಳಿವಳಿಕೆ, ಏಕೆಂದರೆ ಅದು ಹಿಡಿಯುವ ಚೂರು ಬಣ್ಣ ಪ್ರತಿಮೆಯನ್ನು ಮುಟ್ಟುವ ಮುನ್ನವೇ ಒಣಗುತ್ತದೆ. ಹೊಟ್ಟೆ ತುಂಬಿಕೊಂಡು ತುದಿ ಮೊನಚಾಗಿರುವ ಒಂದನೆಯ ಅಳತೆಯದೇ ಮೇಲು. ಹೊರದೇಶಗಳ ಸ್ಪರ್ಧಿಗಳು ಮೆಚ್ಚುವ ಕೊಲಿನ್‌ಸ್ಕಿ ಕುಂಚ ಸೈಬೀರಿಯದ ವೀಸೆಲ್ ಎಂಬ ಪ್ರಾಣಿಯ ಬಾಲದ ಕೂದಲಿನದು. ಭಾರತದಲ್ಲಿ ಮುಂಗುಸಿಯ ಕೂದಲಿನ ಕುಂಚಗಳು ಕದ್ದುಮುಚ್ಚಿ ಮಾರಾಟವಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿಯನ್ನು ಕೊಂದು ಪಡೆದ ಕೂದಲು ಅದು. ಒಳ್ಳೆಯ ನೈಲಾನ್ ಕುಂಚ ಸಿಗುವಾಗ ಮುಂಗುಸಿ ಕೂದಲಿನದನ್ನು ಕೊಳ್ಳಲು ಯಾವ ನೆಪವೂ ಇಲ್ಲ.

ಬೆಳಕಿನ ಹೊಣೆ ಪೂರ್ಣವಾಗಿ ವರ್ಣಕಾರನ ಮೇಲೆ ಬೀಳುವುದು ಎನ್‌ಎಂಎಂ ಎಂದು ಕರೆಯುವ, ಲೋಹದ ಹುಡಿಯಿಲ್ಲದೆ ಲೋಹವನ್ನು ಚಿತ್ರಿಸುವ ಪದ್ಧತಿಯಲ್ಲಿ. ಬೆಳ್ಳಿಬಣ್ಣದೊಳಗಿನ ಹೊಳೆಯುವ ಕಣಗಳು ಎದುರಿನ ದೀಪವನ್ನು ಪ್ರತಿಫಲಿಸುವುದರಿಂದ, ನೋಡುವವನು ತಲೆ ಅಲುಗಿಸಿದಂತೆ ಹೊಳಪೂ ಸರಿಯುತ್ತದೆ, ಮತ್ತು ಪ್ರತಿಮೆಯ ಉಳಿದ ಭಾಗದಲ್ಲಿ ಬರೆದಿಟ್ಟ ಬೆಳಕಿನೊಡನೆ ಅದು ಜಗಳವಾಡುತ್ತದೆ. ಎನ್‌ಎಂಎಂನಲ್ಲಿ ಕತ್ತಿಯ ಅಲಗನ್ನು ಬೂದುಬಣ್ಣದ ಮೆಟ್ಟಿಲುಗಳಿಂದ ಬರೆದು, ಬಹುತೇಕ ಕಪ್ಪಿನ ಪಕ್ಕದಲ್ಲೇ ಅಪ್ಪಟ ಬಿಳಿಯನ್ನು ಇಡಲಾಗುತ್ತದೆ. ಲೋಹವೆಂಬ ನಂಬಿಕೆ ಹುಟ್ಟುವುದು ಬಣ್ಣದಿಂದಲ್ಲ, ಈ ಥಟ್ಟನೆಯ ಜಿಗಿತದಿಂದ. ಅದರ ಬೆಲೆಯೆಂದರೆ, ಹೊಳಪು ಒಂದು ಕಡೆಯಿಂದ ಮಾತ್ರ ಪೂರ್ತಿ ನಿಜವೆನಿಸುತ್ತದೆ. ಓಎಸ್ಎಲ್ ಎಂಬ ಇನ್ನೊಂದು ಪದ್ಧತಿಯಲ್ಲಿ ಪ್ರತಿಮೆಯ ಕೈಯ ಪಂಜು ಅಥವಾ ಮಂತ್ರದ ಕಿಡಿಯೇ ಬೆಳಕಿನ ಮೂಲ. ಸ್ಪರ್ಧೆಗಳಲ್ಲಿ ಅತಿ ಹೆಚ್ಚು ಸೋಲುವ ಸಾಹಸ ಪ್ರಾಯಶಃ ಇದೇ, ಏಕೆಂದರೆ ಪಂಜಿನ ಕಿತ್ತಳೆಯನ್ನು ಮುಖಕ್ಕೆ ಬಳಿಯಲು ಎಲ್ಲರೂ ಸಿದ್ಧರಿರುತ್ತಾರೆ, ಪಂಜು ಉರಿಯುವಂತೆ ಕಾಣಲು ಉಳಿದೆಲ್ಲವನ್ನೂ ಕತ್ತಲಿಗೆ ತಳ್ಳಬೇಕೆಂಬ ತ್ಯಾಗಕ್ಕೆ ಕೆಲವರೇ ಒಪ್ಪುತ್ತಾರೆ.

ಇಷ್ಟೆಲ್ಲ ಆಯ್ಕೆಯೇ ಆಗಿರುವಾಗ, ಸ್ಪರ್ಧೆ ಯಾವ ಆಯ್ಕೆಯನ್ನು ಮೆಚ್ಚಬೇಕು ಎಂಬುದು ವರ್ಣಕಾರರ ಈ ಸಮ್ಮೇಳನದ ಮುಂದಿರುವ ಪ್ರಶ್ನೆ. ಗೇಮ್ಸ್ ವರ್ಕ್‌ಶಾಪ್‌ನ ಆಸ್ಥಾನ ವರ್ಣಕಾರರ ತಂಡವಾದ ಎವಿ ಮೆಟಲ್ ರೂಢಿಗೆ ತಂದ ಶೈಲಿಯಲ್ಲಿ ಬಣ್ಣಗಳು ಶುದ್ಧ, ಪ್ರತಿ ಅಂಚಿಗೂ ಕೂದಲೆಳೆಯ ತಿಳಿಗೆರೆ. ಅದೇ ಸಂಸ್ಥೆಯ ಕಲಾನಿರ್ದೇಶಕರಾಗಿದ್ದ ಜಾನ್ ಬ್ಲಾಂಚ್ ಅವರ ಹಾದಿಯಾದರೋ ಕಂದು, ಕೆಂಪು, ಕೊಳೆ, ತುಕ್ಕುಗಳದು. ಅಂಚುಗಳ ನಯಕ್ಕಿಂತ ಒಟ್ಟು ಭಾವ ಅಲ್ಲಿ ಮುಖ್ಯ. ಈ ಎರಡನ್ನು ಅಕ್ಕಪಕ್ಕದಲ್ಲಿಟ್ಟು ಯಾವುದಕ್ಕೆ ಚಿನ್ನ, ಯಾವುದಕ್ಕೆ ಬೆಳ್ಳಿ ಎಂದು ಕೇಳಿದರೆ ಉತ್ತರ ತೀರ್ಪುಗಾರನ ರುಚಿಯನ್ನು ಹೇಳುತ್ತದೆಯೇ ಹೊರತು ಕೃತಿಗಳ ಗುಣವನ್ನಲ್ಲ. ಪ್ರತಿ ವಿಭಾಗಕ್ಕೂ ಒಂದೇ ಚಿನ್ನ ಕೊಡುವ ಕ್ರಮದಲ್ಲಿ ಈ ಕೇಡು ತಪ್ಪದು, ಮತ್ತು ಗೆದ್ದ ಶೈಲಿಯನ್ನೇ ಮರುವರ್ಷ ಎಲ್ಲರೂ ಅನುಕರಿಸುವುದೂ ತಪ್ಪದು.

ಓಪನ್ ಸಿಸ್ಟಮ್ ಎಂಬ ಇನ್ನೊಂದು ಕ್ರಮವಿದೆ. ಷಿಕಾಗೊದ ಸೈನಿಕ ಪ್ರತಿಮೆಗಳ ಪ್ರದರ್ಶನದಲ್ಲಿ ಬೇರೂರಿದ, ಡಿಯೊರಾಮಾ ಎಂಬ ದೃಶ್ಯಪ್ರತಿಮೆಗಳಿಗೆ ಹೆಸರಾದ ಶೆಪರ್ಡ್ ಪೇನ್ ಅವರು ಬೆಂಬಲಿಸಿದ ಇದರಲ್ಲಿ ಪ್ರತಿಯೊಂದು ಕೃತಿಯನ್ನೂ ನೆರೆಯ ಕೃತಿಯೊಡನಲ್ಲದೆ ಒಂದು ಮಟ್ಟದೊಡನೆ ಹೋಲಿಸಲಾಗುತ್ತದೆ. ಆ ಮಟ್ಟವನ್ನು ಹತ್ತು ಮಂದಿ ಮುಟ್ಟಿದರೆ ಹತ್ತು ಚಿನ್ನ, ಯಾರೂ ಮುಟ್ಟದಿದ್ದರೆ ಒಂದೂ ಇಲ್ಲ. ಪದಕದ ಬೆಲೆ ಇಳಿಯುತ್ತದೆಂಬ ಆಕ್ಷೇಪ ಇದಕ್ಕಿದೆ, ಮತ್ತು ಮಟ್ಟವನ್ನು ವರ್ಷವರ್ಷಕ್ಕೆ ಸಡಿಲಿಸುವ ತೀರ್ಪುಗಾರರ ಕೈಯಲ್ಲಿ ಆ ಆಕ್ಷೇಪ ನಿಜವೂ ಆಗಬಹುದು. ಆದರೆ ವರ್ಣಕಾರರು ಇನ್ನೂ ವಿರಳವಾಗಿರುವ, ಹೊಸಬನೂ ನುರಿತವನೂ ಒಂದೇ ಮೇಜಿನ ಮೇಲೆ ಕೃತಿಯಿಡುವ ನಮ್ಮಂಥ ಕಡೆ, ಒಬ್ಬನ ಗೆಲುವು ಇನ್ನೊಬ್ಬನ ಸೋಲಾಗದ ಕ್ರಮಕ್ಕೇ ಅಧ್ಯಕ್ಷಪೀಠದ ಒಲವು.

ಆದ್ದರಿಂದ ಮಧ್ಯಾಹ್ನದ ವ್ಯವಹಾರ ಸಭೆಯ ಮುಂದೆ ಪೀಠ ಈ ಸೂಚನೆಯನ್ನು ಇಡುತ್ತದೆ: ಮುಂದಿನ ಸ್ಪರ್ಧೆ ಓಪನ್ ಸಿಸ್ಟಮ್‌ನಲ್ಲಿ ನಡೆಯಲಿ, ತೀರ್ಪುಗಾರರು ಮೂವರಿರಲಿ, ಮೂವರೂ ಒಂದೇ ಶೈಲಿಯವರಾಗದಿರಲಿ, ವರ್ಣಕಾರ ತನ್ನ ಕೃತಿಯಲ್ಲಿ ಬೆಳಕು ಎಲ್ಲಿಂದ ಬೀಳುತ್ತದೆ, ಅದನ್ನು ಯಾವ ಕಡೆಯಿಂದ ನೋಡಬೇಕು ಎಂಬೆರಡು ಸಾಲನ್ನು ಚೀಟಿಯಲ್ಲಿ ಬರೆದಿಡಲಿ, ಪದಕ ಬಾರದ ಪ್ರತಿ ಕೃತಿಯ ಕರ್ತೃವಿಗೂ ಕಾರಣವನ್ನು ಅದೇ ಚೀಟಿಯ ಹಿಂಬದಿಯಲ್ಲಿ ಬರೆದು ಕೊಡುವುದು ತೀರ್ಪುಗಾರರ ಕರ್ತವ್ಯವಾಗಲಿ.